ಜರ್ಮನಿಯ ಹೈವೇಯಲ್ಲಿ ಗಾಡಿ ಕೆಟ್ಟರೆ ಫೋನಿನಲ್ಲಿ ಟೋವಿಂಗ್ ಹುಡುಕಬೇಡಿ

ಇದನ್ನು ಬರೆಯಬೇಕಾ ಬೇಡವಾ ಅಂತ ಮೂರು ವಾರ ಯೋಚನೆ ಮಾಡಿದೆ. ನಾಚಿಕೆ ಆಗುತ್ತದೆ. ಒಂಬತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಹೊಸದಾಗಿ ಬಂದವರಿಗೆ ಇಲ್ಲಿ ಗಾಡಿ ತಗೊಳ್ಳೋದು ಹೇಗೆ, ಇನ್ಶೂರೆನ್ಸ್ ಯಾವುದು ಅಂತ ನಾನೇ ಹೇಳಿಕೊಟ್ಟಿದ್ದೇನೆ. ಅಂಥ ನನಗೇ ಟೋಪಿ ಹಾಕಿದರು. ಆದರೂ ಬರೆಯುತ್ತೇನೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿರುವ ನಮ್ಮವರು ಎಷ್ಟೋ ಜನ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಸ್ವಂತ ಗಾಡಿಯಲ್ಲೇ ಸ್ವಿಟ್ಜರ್‌ಲ್ಯಾಂಡ್ ಕಡೆ ಹೊರಡುತ್ತಾರೆ. ನನಗಾದದ್ದು ಅವರಿಗೆ ಆಗಬಾರದು.

ಮೊದಲೇ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಗಾಡಿ ನಿಂತರೆ ಫೋನ್ ತೆಗೆದು ಟೋವಿಂಗ್ (ಕೆಟ್ಟ ಗಾಡಿ ಎಳೆದುಕೊಂಡು ಹೋಗುವ ಸೇವೆ) ಅಂತ ಹುಡುಕಬೇಡಿ. ಮೇಲೆ ಬರುವ ಮೊದಲನೇ ನಂಬರ್ ಒತ್ತಬೇಡಿ. ನಾನು ಒತ್ತಿದೆ. 840 ಯೂರೋ ಹೋಯಿತು. ನಮ್ಮ ರೂಪಾಯಿಯಲ್ಲಿ ಮುಕ್ಕಾಲು ಲಕ್ಷಕ್ಕೂ ಜಾಸ್ತಿ. ಹನ್ನೊಂದು ಕಿಲೋಮೀಟರ್ ಎಳೆದಿದ್ದಕ್ಕೆ! ಹನ್ನೊಂದೇ ಕಿಲೋಮೀಟರ್.

ಶನಿವಾರ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟೆವು. ನಾನು, ಅಪ್ಪ, ಅಮ್ಮ. ಹೆಂಡತಿಗೆ ರಜೆ ಸಿಗಲಿಲ್ಲ. ಅಮ್ಮ ಪುಳಿಯೋಗರೆ, ಚಪಾತಿ ಕಟ್ಟಿಕೊಂಡಿದ್ದರು. ಹನ್ನೆರಡು ವರ್ಷದ ಹಳೇ ಡೀಸೆಲ್ ಗಾಡಿ, ಆದರೆ ಸರ್ವಿಸ್ ಒಂದೂ ತಪ್ಪಿಸಿದವನಲ್ಲ. ಜರ್ಮನಿಯ ಕಾರ್ಲ್ಸ್‌ರೂಎ ದಾಟಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಕಡೆಗೆ ಹೋಗುವ ಎ5 ಹೈವೇ ಹಿಡಿದೆವು. ರಜೆ ಕಾಲದ ಶನಿವಾರ ಆ ರಸ್ತೆ ಹೇಗಿರುತ್ತೆ ಅಂತ ಹೋದವರಿಗೆ ಗೊತ್ತು. ಸ್ವಲ್ಪ ಹೋಗೋದು, ನಿಲ್ಲೋದು, ಮತ್ತೆ ಸ್ವಲ್ಪ ಹೋಗೋದು. ರಾಷ್ಟಾಟ್ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರಿತು. ನೋಡನೋಡುತ್ತಿದ್ದಂತೆ ಕೆಂಪಿಗೆ ಹೋಯಿತು. ಪಕ್ಕಕ್ಕೆ ತಗೊಂಡು ನಿಲ್ಲಿಸುವಷ್ಟರಲ್ಲಿ ಬಾನೆಟ್ ಸಂದಿಯಿಂದ ಆವಿ. ಕೆಳಗೆ ಬಗ್ಗಿ ನೋಡಿದರೆ ಇಂಜಿನ್ ತಣ್ಣಗಿಡುವ ಗುಲಾಬಿ ಬಣ್ಣದ ಕೂಲಂಟ್ ಟಾರಿನ ಮೇಲೆ ಹರಿದು ಹೋಗುತ್ತಿತ್ತು. ಅದರ ಸಿಹಿ ವಾಸನೆ ಇನ್ನೂ ಮೂಗಿನಲ್ಲಿದೆ.

ನಾಲ್ಕೂ ಇಂಡಿಕೇಟರ್ ಹಾಕಿದೆ. ಅಪ್ಪ ಅಮ್ಮನನ್ನು ರಸ್ತೆ ಕಡೆಯ ಬಾಗಿಲಿಂದ ಇಳಿಸದೆ ಬಲಗಡೆಯಿಂದ ಇಳಿಸಿ ತಡೆಕಂಬಿಯ ಆಚೆ ದಾಟಿಸಿದೆ. ಅಮ್ಮ ಸೀರೆ ಎತ್ತಿ ಹಿಡಿದುಕೊಂಡು ಆ ಕಂಬಿ ದಾಟಿದ್ದು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಜರ್ಮನಿಯಲ್ಲಿ 2014ರ ಜುಲೈಯಿಂದ ಗಾಡಿಗೊಂದು ಮಿಂಚುವ ಜಾಕೆಟ್ ಕಡ್ಡಾಯ. ನನ್ನ ಹತ್ತಿರ ಒಂದೇ ಒಂದು ಇತ್ತು, ಅದೂ ಡಿಕ್ಕಿಯಲ್ಲಿ ಸೂಟ್‌ಕೇಸ್‌ಗಳ ತಳದಲ್ಲಿ. ಲಾರಿಗಳು ಪಕ್ಕದಲ್ಲಿ ಹೋಗುವಾಗ ಗಾಡಿಯೇ ಅಲುಗಾಡುತ್ತೆ. ಅಂಥ ಜಾಗದಲ್ಲಿ ನಿಂತು ಬುದ್ಧಿ ಓಡಲ್ಲ. ಅದನ್ನೇ ಈ ಜನ ಬಂಡವಾಳ ಮಾಡಿಕೊಂಡಿದ್ದಾರೆ.

ಫೋನಿನಲ್ಲಿ ಹುಡುಕಿದೆ. ಮೊದಲನೆಯದೇ ಹಳದಿ ಬಣ್ಣದ ಪುಟ. ಹಳದಿ ಟ್ರಕ್ಕಿನ ಫೋಟೋ. 24 ಗಂಟೆ ಸೇವೆ, 99 ಯೂರೋದಿಂದ ಶುರು. ಜರ್ಮನಿಯಲ್ಲಿ ಹಳದಿ ಗಾಡಿ ಅಂದರೆ ಎ.ಡಿ.ಎ.ಸಿ. ಅಂತಲೇ ಅಲ್ವಾ? ಎರಡು ಕೋಟಿಗೂ ಜಾಸ್ತಿ ಸದಸ್ಯರಿರುವ ಮೋಟಾರು ಕ್ಲಬ್, ಅವರ ಮೆಕ್ಯಾನಿಕ್‌ಗಳನ್ನು ಜನ ಹಳದಿ ದೇವದೂತರು ಅಂತ ಕರೆಯುತ್ತಾರೆ. ಇದು ಅವರದೇ ಅಂದುಕೊಂಡೆ. ಅವರದಾಗಿರಲಿಲ್ಲ. ಪುಟದ ಮೇಲೆ ಜಾಹೀರಾತು ಅಂತ ಸಣ್ಣಕ್ಷರದಲ್ಲಿ ಇತ್ತು, ಆ ಬಿಸಿಲಲ್ಲಿ ನನಗೆ ಕಾಣಲಿಲ್ಲ.

ಫೋನ್ ಎತ್ತಿದ ಹೆಂಗಸು ಒಳ್ಳೆ ಇಂಗ್ಲಿಷ್ ಮಾತಾಡಿದಳು. ಅದೇ ನಂಬಿಕೆ ಬರುವ ಹಾಗೆ ಮಾಡಿತು. ನಾನು ನೇರವಾಗಿ ಕೇಳಿದೆ, ನೀವು ಆ ಹಳದಿ ಕ್ಲಬ್‌ನವರೇ ಅಲ್ವಾ ಅಂತ.

"ನಾವು ಎಲ್ಲ ಕ್ಲಬ್‌ಗಳ ಜೊತೆಗೂ ಕೆಲಸ ಮಾಡುತ್ತೇವೆ ಸರ್."

ಈ ಮಾತನ್ನು ಆಮೇಲೆ ನೂರು ಸಲ ನೆನೆಸಿಕೊಂಡಿದ್ದೇನೆ. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಎಷ್ಟಾಗುತ್ತೆ ಅಂದೆ. "99ರಿಂದ ಶುರು ಸರ್, ಡ್ರೈವರ್ ಬಂದು ನೋಡಿ ಹೇಳುತ್ತಾನೆ. ನಲವತ್ತು ನಿಮಿಷ." ನಲವತ್ತು ನಿಮಿಷ ಅಂದಿದ್ದು ಎರಡು ಗಂಟೆ ಆಯಿತು. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಶುಗರ್ ಇದೆ. ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದರು.

ಬಂದಿದ್ದು ಬಿಳಿ ಟ್ರಕ್. ಬಾಗಿಲ ಮೇಲೆ ಕಂಪನಿ ಹೆಸರಿಲ್ಲ, ಬರೀ ಒಂದು ಫೋನ್ ನಂಬರ್. ಅಲ್ಲೇ ಅನುಮಾನ ಬರಬೇಕಿತ್ತು. ಡ್ರೈವರ್ ಬಾನೆಟ್ ಎತ್ತಿಯೂ ನೋಡಲಿಲ್ಲ. ಒಂದು ಟ್ಯಾಬ್ಲೆಟ್ ಮುಂದೆ ಹಿಡಿದ. ತುಂಬ ಜರ್ಮನ್ ಅಕ್ಷರ, ಬಿಸಿಲಿಗೆ ಪರದೆ ಮೇಲೆ ನನ್ನ ಮುಖವೇ ಕಾಣುತ್ತಿತ್ತು. "ಇನ್ಶೂರೆನ್ಸ್‌ಗೆ, ಇನ್ಶೂರೆನ್ಸ್‌ಗೆ" ಅಂದ. ಬೆರಳಿನಿಂದ ಸಹಿ ಮಾಡಿದೆ. ರೇಟು ಕೇಳಿದರೆ "ವರ್ಕ್‌ಶಾಪ್‌ನಲ್ಲಿ, ವರ್ಕ್‌ಶಾಪ್‌ನಲ್ಲಿ" ಅಂದ. ನಮ್ಮ ಮೂವರನ್ನೂ ಕ್ಯಾಬಿನ್‌ನ ಹಿಂದಿನ ಸೀಟಿಗೆ ಹತ್ತಿಸಿ ಹೊರಟ.

ಕರೆದುಕೊಂಡು ಹೋಗಿದ್ದು ಬ್ಯೂಲ್ ಹತ್ತಿರ ಒಂದು ಇಂಡಸ್ಟ್ರಿಯಲ್ ಏರಿಯಾಗೆ. ವರ್ಕ್‌ಶಾಪ್ ಇತ್ತು, ಶಟರ್ ಹಾಕಿತ್ತು. ಶನಿವಾರ ಮಧ್ಯಾಹ್ನ ಆದ ಮೇಲೆ ಜರ್ಮನಿಯಲ್ಲಿ ಯಾವ ವರ್ಕ್‌ಶಾಪ್ ತೆಗೆದಿರುತ್ತೆ? ಅವನಿಗೆ ಗೊತ್ತಿರಲಿಲ್ವಾ? ಗಾಡಿ ಇನ್ನೂ ಟ್ರಕ್ಕಿನ ಮೇಲೇ ಇತ್ತು. ಆಗ ಒಂದು ಚೀಟಿ ಬರೆದು ಕೊಟ್ಟ. 840.

ನಾನು ಅವನ ಮುಖ ನೋಡಿದೆ. 84 ಇರಬೇಕು, ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅವನು ಬೆರಳಿಟ್ಟು ತೋರಿಸಿದ. ಬರೋದಕ್ಕೆ ಇಷ್ಟು. ಶನಿವಾರದ್ದು ಇಷ್ಟು. ಸಹಾಯಕನಿಗೆ ಇಷ್ಟು. ಯಾವ ಸಹಾಯಕ? ಬಂದವನು ಒಬ್ಬನೇ! ಇನ್ನೊಂದು ಸಾಲಿನಲ್ಲಿ 'ಬೆರ್ಗುಂಗ್' ಅಂತ ಬರೆದಿದ್ದ. ಅದು ಹಳ್ಳಕ್ಕೆ ಬಿದ್ದ ಗಾಡಿಯನ್ನು ಮೇಲೆತ್ತೋದಕ್ಕೆ ಹೇಳುವ ಪದ. ನನ್ನ ಗಾಡಿ ಟಾರಿನ ಮೇಲೆ ನಾಲ್ಕು ಚಕ್ರದ ಮೇಲೆ ನಿಂತಿತ್ತು.

ಕೊಡಲ್ಲ ಅಂದೆ. "ಹಾಗಾದರೆ ಗಾಡಿ ನಮ್ಮ ಯಾರ್ಡ್‌ಗೆ ಹೋಗುತ್ತೆ, ದಿನಕ್ಕೆ 35 ಯೂರೋ ಬಾಡಿಗೆ" ಅಂದ. ಕಾರ್ಡ್ ತೆಗೆದರೆ ಮಷಿನ್‌ಗೆ ನೆಟ್‌ವರ್ಕ್ ಇಲ್ಲವಂತೆ, ಕ್ಯಾಶೇ ಬೇಕಂತೆ. ನಮ್ಮ ಬಟ್ಟೆ, ಅಪ್ಪನ ಔಷಧಿ, ಇಬ್ಬರ ಪಾಸ್‌ಪೋರ್ಟ್ ಎಲ್ಲ ಆ ಗಾಡಿಯಲ್ಲಿತ್ತು.

ಅಪ್ಪ ಒಂದು ಮಾತೂ ಆಡದೆ ಆ ಕಡೆ ತಿರುಗಿಕೊಂಡರು. ಪ್ಯಾಂಟಿನ ಒಳಗಿನ ಕಳ್ಳಜೇಬಿಗೆ ಕೈ ಹಾಕಿದರು. ಶಿವಮೊಗ್ಗದಲ್ಲಿ ದರ್ಜಿಗೆ ಹೇಳಿ ಈ ಪ್ರಯಾಣಕ್ಕೆ ಅಂತಲೇ ಹೊಲಿಸಿಕೊಂಡಿದ್ದು. ಒಳಗೆ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆ ಮಾಡಿದ ನೂರರ ಐದು ನೋಟು. ಬೆರಳು ಎಂಜಲು ಮಾಡಿಕೊಂಡು ಎರಡು ಸಲ ಎಣಿಸಿದರು. ಸ್ವಿಟ್ಜರ್‌ಲ್ಯಾಂಡಿನ ಯುಂಗ್‌ಫ್ರಾವ್ ಹಿಮಬೆಟ್ಟದ ರೈಲಿಗೆ ಅಂತ ಬೆಂಗಳೂರಿನಲ್ಲಿ ಬದಲಾಯಿಸಿ ತಂದ ದುಡ್ಡು. "ಕೊಟ್ಟುಬಿಡೋ, ಅಮ್ಮನಿಗೆ ನಿಂತು ನಿಂತು ಕಾಲು ಊದಿದೆ" ಅಂದರು. ನನ್ನ ಹತ್ತಿರ 180 ಇತ್ತು. ಪೆಟ್ರೋಲ್ ಬಂಕ್ ಪಕ್ಕದ ಎ.ಟಿ.ಎಂ.ನಿಂದ 160 ತಂದೆ. ಅಲ್ಲಿಗೆ ನಡೆದುಕೊಂಡು ಹೋಗಿ ಬರುವಾಗಲೂ ಪೊಲೀಸರಿಗೆ ಫೋನ್ ಮಾಡಬೇಕು ಅಂತ ಹೊಳೆಯಲಿಲ್ಲ. ಹೊಟ್ಟೆ ಉರಿಯೋದು ಅದಕ್ಕೇ.

ಗಾಡಿ ಇಳಿಸಿ ಹೋದ. ಎರಡು ರಾತ್ರಿ ಹೋಟೆಲ್ ಖರ್ಚು ಬೇರೆ. ಸೋಮವಾರ ಅದೇ ವರ್ಕ್‌ಶಾಪ್ ತೆಗೆಯಿತು. ಕೂಲಂಟ್ ಹರಿಯುವ ಒಂದು ಹೋಸ್ ಪೈಪ್ ಸೀಳಿತ್ತು, ಅಷ್ಟೇ. ಹೋಸ್, ಕೂಲಂಟ್, ಕೂಲಿ ಸೇರಿ 118 ಯೂರೋ. ಆ ಮೆಕ್ಯಾನಿಕ್ ಒಳ್ಳೆಯ ಮನುಷ್ಯ. ಚೀಟಿ ನೋಡಿ ತಲೆ ಆಡಿಸಿದ. "ಇವನು ಯಾರೋ ನಮಗೆ ಗೊತ್ತಿಲ್ಲ. ನಮ್ಮ ಅಂಗಳದಲ್ಲಿ ಇಳಿಸೋದಕ್ಕೆ ನಮ್ಮನ್ನು ಕೇಳಿಯೂ ಇಲ್ಲ" ಅಂದ.

ಈಗ ಅವರ ಉತ್ತರಗಳನ್ನು ಕೇಳಿ. ಫೋನ್ ಎತ್ತಿದ ಆ ಹೆಂಗಸಿಗೆ ಫೋನ್ ಮಾಡಿದೆ. "ನಾವು ಬರೀ ಸಂಪರ್ಕ ಮಾಡಿಕೊಡುವವರು ಸರ್, ದುಡ್ಡಿನ ವಿಷಯ ನೀವು ಮತ್ತು ಡ್ರೈವರ್ ಮಧ್ಯೆ." ಡ್ರೈವರ್‌ಗೆ ಫೋನ್ ಮಾಡಿದೆ. "ರೇಟು ಆಫೀಸಿನವರದು, ನಾನು ಬರೀ ಗಾಡಿ ಓಡಿಸುವವನು." ಅವಳು ಅವನ ಮೇಲೆ, ಅವನು ಅವಳ ಮೇಲೆ. ಇಮೇಲ್ ಬರೆದೆ. ಹನ್ನೊಂದು ದಿನ ಆದ ಮೇಲೆ ನಾಲ್ಕು ಸಾಲು ಬಂತು: ನೀವು ದರಪಟ್ಟಿ ಒಪ್ಪಿ ಸಹಿ ಮಾಡಿದ್ದೀರಿ, ಕೆಲಸ ಪೂರ್ತಿಯಾಗಿದೆ, ಮುಂದಿನ ಪ್ರಯಾಣ ಸುಖಕರವಾಗಿರಲಿ. ಸುಖಕರವಾಗಿರಲಿ! ಚೀಟಿಯ ಮೇಲಿನ ಮೊಹರಿನಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಹಾಕಿದೆ. ಆ ಹೆಸರಿನವರು ಇಲ್ಲಿಲ್ಲ ಅಂತ ಸ್ಟಿಕರ್ ಅಂಟಿಸಿಕೊಂಡು ವಾಪಸ್ ಬಂತು.

ಇದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಶನಿವಾರ ರಾತ್ರಿ ಹೋಟೆಲಿನಿಂದ ಹೆಂಡತಿಗೆ ಫೋನ್ ಮಾಡಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ಇನ್ಶೂರೆನ್ಸ್‌ನವರಿಗೆ ಮೊದಲು ಫೋನ್ ಮಾಡಿದ್ರಿ ತಾನೆ?" ಇನ್ಶೂರೆನ್ಸ್ ಅಪಘಾತಕ್ಕೆ ಅಂತ ತಿಳಿದಿದ್ದೆ. ಇಲ್ಲಿನ ಮೋಟಾರು ಕ್ಲಬ್‌ಗೆ ವರ್ಷ ವರ್ಷ ದುಡ್ಡು ಕಟ್ಟುತ್ತೇನೆ, ಆದರೆ ನಾನು ತಗೊಂಡಿದ್ದು ನೆದರ್‌ಲ್ಯಾಂಡ್ಸ್ ಒಳಗಿನದು ಮಾತ್ರ. ಯುರೋಪಿನದು ಬೇರೆ ತಗೋಬೇಕು. ಅದು ಗೊತ್ತಿತ್ತು, ಅದಕ್ಕೇ ಅವರಿಗೆ ಫೋನ್ ಮಾಡಲಿಲ್ಲ. ಆದರೆ ಗಾಡಿಯ ಇನ್ಶೂರೆನ್ಸ್‌ನಲ್ಲೇ ವಿದೇಶದ ಬ್ರೇಕ್‌ಡೌನ್ ಸೇರಿತ್ತು! ಮುಂದಿನ ಡ್ಯಾಶ್ ಡಬ್ಬಿಯಲ್ಲಿ ಗ್ರೀನ್ ಕಾರ್ಡ್ ಇತ್ತು, ಗಾಡಿಗೆ ವಿದೇಶದಲ್ಲೂ ಇನ್ಶೂರೆನ್ಸ್ ಇದೆ ಅಂತ ತೋರಿಸುವ ಹಾಳೆ. ಹೆಸರು ಗ್ರೀನ್ ಕಾರ್ಡ್, 2020ರಿಂದ ಬಿಳಿ ಹಾಳೆಯ ಮೇಲೂ ಬರುತ್ತದೆ, ಅದಕ್ಕೇ ಯಾವುದೋ ರಸೀದಿ ಅಂತ ಮಡಚಿ ಇಟ್ಟಿದ್ದೆ. ಅದರಲ್ಲೇ 24 ಗಂಟೆಯ ಸಹಾಯದ ನಂಬರ್ ಅಚ್ಚಾಗಿತ್ತು. ಎರಡು ಗಂಟೆ ರಸ್ತೆ ಪಕ್ಕ ನಿಂತಿದ್ದಾಗ ಆ ಹಾಳೆ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಇನ್ಶೂರೆನ್ಸ್‌ನವರಿಗೆ ಬಿಲ್ ಕಳಿಸಿದರೆ, "ಮೊದಲು ನಮಗೆ ಹೇಳಿ ಒಪ್ಪಿಗೆ ತಗೋಬೇಕಿತ್ತು, ಹಾಗಾಗಿ 150 ಯೂರೋ ಮಾತ್ರ" ಅಂದರು. ಅದಷ್ಟೇ ಬಂದಿದ್ದು.

ಇನ್ನೊಂದು. ಅಪ್ಪ ಅಲ್ಲಿ ಗಾಡಿಯ ಫೋಟೋ ತೆಗೆದಿದ್ದರು. ಆಮೇಲೆ ದೊಡ್ಡದು ಮಾಡಿ ನೋಡಿದೆ. ಗಾಡಿ ಪಕ್ಕದಲ್ಲೇ ಸುಮಾರು ಸೊಂಟದೆತ್ತರದ ಬಿಳಿ ಕಂಬ, ಅದರ ಮೇಲೆ ಚಿಕ್ಕ ಕಪ್ಪು ಬಾಣ. ಹತ್ತಿರದ ಕಿತ್ತಳೆ ಬಣ್ಣದ ಎಮರ್ಜೆನ್ಸಿ ಫೋನ್ ಯಾವ ಕಡೆ ಇದೆ ಅಂತ ಆ ಬಾಣ ತೋರಿಸುತ್ತದೆ. ಆಟೋಬಾನ್‌ನಲ್ಲಿ, ಅಂದರೆ ಜರ್ಮನಿಯ ಹೈವೇಯಲ್ಲಿ, ಸುಮಾರು ಎರಡು ಕಿಲೋಮೀಟರ್‌ಗೊಂದು ಆ ಫೋನ್ ಇರುತ್ತದೆ. ಅದರಲ್ಲಿ ಮಾತಾಡಿದರೆ ನಾವು ಎಲ್ಲಿದ್ದೇವೆ ಅಂತ ಅವರಿಗೇ ಗೊತ್ತಾಗುತ್ತೆ. ಒಂಬತ್ತು ವರ್ಷ ಆ ಬಾಣಗಳ ಪಕ್ಕದಲ್ಲೇ ಗಾಡಿ ಓಡಿಸಿದ್ದೇನೆ.

ಹೊರಡುವವರು ದಯವಿಟ್ಟು ಇಷ್ಟು ಮಾಡಿ. ಇನ್ಶೂರೆನ್ಸ್ ಸಹಾಯದ ನಂಬರ್ ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ, ವಿದೇಶ ಸೇರಿದೆಯಾ ಅಂತ ಕೇಳಿಕೊಳ್ಳಿ. ಎ.ಡಿ.ಎ.ಸಿ. ಬೇಕಿದ್ದರೆ ಅವರದೇ ಆಪ್ ಹಾಕಿಕೊಳ್ಳಿ, ಹುಡುಕಲು ಹೋಗಬೇಡಿ. ಪೂರ್ತಿ ಮೊತ್ತ ಬರೆದುಕೊಡದೆ ಎಲ್ಲೂ ಸಹಿ ಮಾಡಬೇಡಿ. ಗಾಡಿ ಇಳಿಸಲ್ಲ ಅಂದರೆ ಅಲ್ಲೇ, ಅವನ ಎದುರಿಗೇ, ಪೊಲೀಸರ ನಂಬರ್ 110 ಒತ್ತಿ. ನಾನು ಮೂರು ದಿನ ಬಿಟ್ಟು ಪೊಲೀಸರ ಹತ್ತಿರ ಹೋದೆ, ಸಹಿ ಇದೆಯಲ್ಲ, ಇದು ಸಿವಿಲ್ ವಿಷಯ ಅಂದರು. ಕೊಡಲೇಬೇಕಾಗಿ ಬಂದರೆ ಬಿಲ್ ಮೇಲೆ 'ಉಂಟರ್ ಫೋರ್‌ಬೆಹಾಲ್ಟ್' ಅಂತ ಬರೆದು ಕೊಡಿ. ತಕರಾರು ಇಟ್ಟುಕೊಂಡು ಕೊಡುತ್ತಿದ್ದೇನೆ ಅಂತ ಅದರ ಅರ್ಥ. ಜಾಕೆಟ್ ತಲೆಗೊಂದು ಇರಲಿ, ಸೀಟಿನ ಕೆಳಗೆ ಇರಲಿ, ಡಿಕ್ಕಿಯಲ್ಲಿ ಬೇಡ.

ಫ್ರಾನ್ಸ್ ಕಡೆ ಹೋಗುವವರಿಗೆ ಲೆಕ್ಕ ಬೇರೆ. ಅಲ್ಲಿನ ಮೋಟಾರ್‌ವೇ ಮೇಲೆ ಇನ್ಶೂರೆನ್ಸ್‌ನವರೂ ತಮ್ಮ ಟ್ರಕ್ ಕಳಿಸುವ ಹಾಗಿಲ್ಲ. ಕಿತ್ತಳೆ ಫೋನ್ ಅಥವಾ 112, ಅನುಮತಿ ಇರುವ ಟ್ರಕ್ಕೇ ಬರಬೇಕು. ದರ ಸರ್ಕಾರದ್ದು. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ, ಶನಿವಾರ, ಭಾನುವಾರ, ಹಬ್ಬದ ದಿನ ಶೇ. 50 ಜಾಸ್ತಿ. ರಸೀದಿ ಇಟ್ಟುಕೊಳ್ಳಿ.

ಬೇರೆ ದೇಶದ ವ್ಯಾಪಾರಿಗಳ ಮೇಲಿನ ದೂರು ನೋಡುವ ಯುರೋಪಿಯನ್ ಗ್ರಾಹಕ ಕೇಂದ್ರಕ್ಕೂ ಬರೆದಿದ್ದೇನೆ. ಪುಕ್ಕಟೆ ಸೇವೆ. ಅವರ ಜರ್ಮನ್ ಕಚೇರಿ ಇರೋದು ಕೇಲ್ ಊರಿನಲ್ಲಿ, ನನ್ನ ಗಾಡಿ ನಿಂತ ಅದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ ಪಕ್ಕಕ್ಕೆ ತಿರುಗಿದರೆ ಸಿಗುತ್ತದೆ. ಕಂಪನಿಯ ಸರಿಯಾದ ವಿಳಾಸ ಕೇಳಿದ್ದಾರೆ. ಎಲ್ಲಿಂದ ತರಲಿ?

ಅಪ್ಪ ಅಮ್ಮ ಊರಿಗೆ ಹೋದರು. ಯುಂಗ್‌ಫ್ರಾವ್ ನೋಡಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಅದೇ ಪದ ಹಾಕಿ ಹುಡುಕಿದೆ. ಹೆಸರು ಬದಲಾಗಿದೆ, ನಂಬರ್ ಬದಲಾಗಿದೆ. ಆದರೆ ಅದೇ ಹಳದಿ ಪುಟ, ಅದೇ ಟ್ರಕ್ಕಿನ ಫೋಟೋ, ಅದೇ 99. ಈಗಲೂ ಎಲ್ಲಕ್ಕಿಂತ ಮೇಲೇ ಬರುತ್ತಿದೆ.