ದೀಪಾವಳಿ ಡಬ್ಬಿಗೆ ಯಾವುದು? ಮೈಸೂರು ಪಾಕ್, ಸೆವೆನ್ ಕಪ್, ರವೆ ಉಂಡೆ

ಎರಡು ವರ್ಷದ ಹಿಂದೆ ನಾನು ಕೊಟ್ಟ ಅಂಗಡಿ ಸ್ವೀಟ್ ಬಾಕ್ಸ್ ನಮ್ಮ ಅಪಾರ್ಟ್‌ಮೆಂಟೆಲ್ಲ ಸುತ್ತಿ ವಾಪಸ್ ನಮ್ಮ ಮನೆಗೇ ಬಂತು. ಕಟ್ಟಿದ ರಿಬ್ಬನ್ ಕೂಡ ಬಿಚ್ಚಿರಲಿಲ್ಲ. ಹೋದ ದೀಪಾವಳಿಗೆ ಹಟ ಹಿಡಿದು ಮೂರು ಸಿಹಿ ಮನೆಯಲ್ಲೇ ಮಾಡಿದೆ. ಬಿಲ್ಡಿಂಗಿಗೆ 12 ಡಬ್ಬಿ, ಪುಣೆಯ ಅಕ್ಕನಿಗೆ ಒಂದು ಪಾರ್ಸಲ್.

ಮರ್ಯಾದೆಯ ಪ್ರಶ್ನೆ ಅಂತ ಮೊದಲು ಕೈ ಹಾಕಿದ್ದು ಗಟ್ಟಿ ಮೈಸೂರು ಪಾಕಿಗೆ. 1 ಕಪ್ ಕಡಲೆಹಿಟ್ಟು, 2 ಕಪ್ ಸಕ್ಕರೆ, ಎರಡೂವರೆ ಕಪ್ ತುಪ್ಪ. ಸಕ್ಕರೆ ಒಂದೆಳೆ ಪಾಕಕ್ಕೆ ಬಂದ ಕೂಡಲೇ ಹಿಟ್ಟು ಉದುರಿಸಿ, ಪಕ್ಕದ ಒಲೆಯಲ್ಲಿ ಕಾಯುತ್ತಿರುವ ತುಪ್ಪವನ್ನು ಸೌಟು ಸೌಟಾಗಿ ಹುಯ್ಯಬೇಕು. ತುಪ್ಪ ಕುದಿಯುವಷ್ಟು ಬಿಸಿ ಇದ್ದರೆ ಮಾತ್ರ ಹಿಟ್ಟು ಚುರ್ ಅಂತ ಉಬ್ಬಿ ಜೇನುಗೂಡಿನ ಹಾಗೆ ತೂತು ಬೀಳೋದು. ಇದನ್ನು ಮೊದಲು ಮಾಡಿದ್ದು ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಅಂತಾರೆ. ಅವರಿಗೆ ತುಪ್ಪ ಹುಯ್ಯೋಕೆ ಒಬ್ಬ ಆಳಾದರೂ ಇದ್ದಿರಬೇಕು. ನನಗೆ ಇದ್ದಿದ್ದು ಎರಡೇ ಕೈ. ಮೊದಲ ಸಲ ಇಳಿಸೋದು ಅರ್ಧ ನಿಮಿಷ ತಡವಾಗಿ ಪುಡಿಪುಡಿ. ಎರಡನೇ ಸಲ ಹೆದರಿ ಬೇಗ ಇಳಿಸಿದೆ, ಹಲ್ವ ಆಯಿತು. ಮೂರನೆಯದು ಬಂತು ನೋಡಿ: ಮೇಲೆ ಕೆಳಗೆ ಹಳದಿ, ಒಳಗೇ ಉಳಿದ ಶಾಖಕ್ಕೆ ನಡುವೆ ಕೆಂಪಗೆ ಒಂದು ಪದರ. ಬಿಸಿ ಇದ್ದಾಗಲೇ ಗೆರೆ ಹಾಕಿದ್ದರಿಂದ 22 ತುಂಡು ಉಳಿದವು. ಪುಡಿ ಆಗಿದ್ದನ್ನು ಒಂದು ವಾರ ನಾವೇ ಹಾಲಿಗೆ ಹಾಕಿಕೊಂಡು ಕುಡಿದೆವು.

ಸೆವೆನ್ ಕಪ್ ಇದರ ಮುಂದೆ ಮಕ್ಕಳಾಟ. ಕಡಲೆಹಿಟ್ಟು, ಕಾಯಿತುರಿ, ಹಾಲು, ತುಪ್ಪ ಒಂದೊಂದು ಕಪ್, ಸಕ್ಕರೆ 3 ಕಪ್. ಎಲ್ಲ ಒಂದೇ ಬಾಣಲೆಗೆ ಸುರಿದು ತಳ ಬಿಡುವ ತನಕ ಮಗುಚೋದು. ಪಾಕ ನೋಡುವ ತಲೆಬಿಸಿ ಇಲ್ಲ, ರಟ್ಟೆ ನೋವು ಮಾತ್ರ. 3 ಕಪ್ ಸಕ್ಕರೆ ಗಂಟಲು ಕಟ್ಟುತ್ತೆ ಅಂತ ನಾನು ಎರಡೂವರೆ ಹಾಕಿದೆ (ಆಗ ಅದು ಆರೂವರೆ ಕಪ್ ಆಗುತ್ತೆ, ಇರಲಿ). ರುಚಿಗೆ ಮೋಸವಿಲ್ಲ. ಆದರೆ ಹಸಿ ಕಾಯಿ ಬಿದ್ದ ಸಿಹಿ. ವಾರ ದಾಟಿದ್ದೇ ನಮ್ಮ ಮನೆಯಲ್ಲಿ ಉಳಿದ ತುಂಡು ಕಮಟು ವಾಸನೆ ಹೊಡೆಯಿತು.

ರವೆ ಉಂಡೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಚಿರೋಟಿ ರವೆ ಹುರಿದು, ಒಣಕೊಬ್ಬರಿ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಬೆರೆಸಿ ಒಂದೆಳೆ ಪಾಕಕ್ಕೆ ಹಾಕಿ ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಕಟ್ಟುವ ಹದ. ಹಾಲು ಚಿಮುಕಿಸಿ ಕಟ್ಟೋದು ಸುಲಭ, ಆದರೆ ಅಂಥ ಉಂಡೆ ನಾಲ್ಕು ದಿನಕ್ಕೇ ಕೆಡುತ್ತೆ. ಕೊಡೋದಕ್ಕಾದರೆ ಪಾಕದ್ದೇ ಸರಿ. ಪಾಕ ಏರಿ ಮಿಶ್ರಣ ಉದುರುದುರಾದರೂ ನಾಲ್ಕು ಹನಿ ಬಿಸಿನೀರು ಚಿಮುಕಿಸಿದರೆ ದಾರಿಗೆ ಬರುತ್ತೆ. ಮೈಸೂರು ಪಾಕಿಗೆ ಆ ಕರುಣೆ ಇಲ್ಲ.

ಪಾರ್ಸಲಿನಲ್ಲಿ ಮೂರೂ ಇಟ್ಟಿದ್ದೆ. ಐದನೇ ದಿನ ಅಕ್ಕ ಫೋನ್ ಮಾಡಿದಳು: “ಏನೇ ಇದು, ಮೈಸೂರು ಪಾಕನ್ನ ಚಮಚದಲ್ಲಿ ತಿನ್ಬೇಕಾ?” ಸೆವೆನ್ ಕಪ್ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವಂತೆ. ಉಂಡೆ ಒಂದೂ ಒಡೆದಿರಲಿಲ್ಲ. ಕೊನೆಯದನ್ನು ಎರಡು ವಾರದ ಮೇಲೆ ತಿಂದಳಂತೆ, ಚೆನ್ನಾಗೇ ಇತ್ತಂತೆ.

ಬಿಲ್ಡಿಂಗಿನಲ್ಲಿ ತೀರ್ಪು ಉಲ್ಟಾ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಮೈಸೂರು ಪಾಕ್ ಮಾತ್ರ. ಉಂಡೆಯ ಸುದ್ದಿ ಎತ್ತಿದ್ದು ಕೆಳಗಿನ ಮನೆ ಅಜ್ಜಿ ಒಬ್ಬರೇ, ಅದೂ “ಲವಂಗ ಹಾಕಬೇಕಿತ್ತಮ್ಮ” ಅಂತ.

ಹಾಗಾಗಿ ಈ ಸಲ ಪುಣೆಗೆ ಬರೀ ಉಂಡೆ, ಲವಂಗ ಹಾಕಿ. ಬಿಲ್ಡಿಂಗಿಗೆ ಮೈಸೂರು ಪಾಕ್, ತುಪ್ಪ ಹುಯ್ಯೋಕೆ ಯಜಮಾನರನ್ನು ನಿಲ್ಲಿಸಿಕೊಂಡು. ಸೆವೆನ್ ಕಪ್ ಮನೆಗೆ ಬಂದವರಿಗೆ ತಟ್ಟೆಯಲ್ಲಿ, ಅಷ್ಟೇ. ಕೊಟ್ಟ 12 ಸ್ಟೀಲ್ ಡಬ್ಬಿಯಲ್ಲಿ 9 ವಾಪಸ್ ಬಂದಿವೆ. ಖಾಲಿ ಕೊಡಬಾರದು ಅಂತ ಒಂದರಲ್ಲಿ ಚಕ್ಕುಲಿ, ಒಂದರಲ್ಲಿ ಕೋಡುಬಳೆ, ಮಿಕ್ಕವುಗಳಲ್ಲಿ ಒಂದೊಂದು ಹಿಡಿ ಸಕ್ಕರೆ.