ತಾಮ್ರ-ನಿಕಲ್ ಬ್ರೇಕ್ ಪೈಪ್: ಕುಂಬಳೆಯ ಉಪ್ಪುಗಾಳಿಯಲ್ಲಿ 2021ರಿಂದ ಬಳಸಿ ಬರೆದದ್ದು

ಕಾರಿಗೆ 15 ವರ್ಷ ತುಂಬಿತು ಅಂದರೆ ನಮ್ಮಲ್ಲಿ ಎಲ್ಲರೂ ನೋಡುವುದು ಟಯರು, ಬ್ಯಾಟರಿ, ಬಾಗಿಲಿನ ಅಂಚಿನ ತುಕ್ಕು. ಪೆಡಲ್ ತುಳಿದ ಒತ್ತಡವನ್ನು ಎಣ್ಣೆಯ ಮೂಲಕ ಚಕ್ರಗಳಿಗೆ ಒಯ್ಯುವ ಬ್ರೇಕ್ ಪೈಪನ್ನು ನೋಡುವವರು ಕಡಿಮೆ. ನೋಡಬೇಕಾದರೆ ಕಾರನ್ನು ಎತ್ತಬೇಕು, ಅಡಿಗೆ ನುಗ್ಗಬೇಕು, ಕೆಸರು ಕೆರೆಯಬೇಕು.

ನಮ್ಮದು 2006ರ ಸಣ್ಣ ಪೆಟ್ರೋಲ್ ಕಾರು, ಕೆಎಲ್-14 ನಂಬರಿನದು. ಮನೆ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಕಡಲಿಗೆ ಹತ್ತಿರ, ತೋಟ ಬದಿಯಡ್ಕದಿಂದಾಚೆ. 2021ರಲ್ಲಿ ರಿಜಿಸ್ಟ್ರೇಶನ್ ರಿನ್ಯೂವಲಿಗೆ ಕೊಡುವ ಮೊದಲು ಹಿಂದಿನ ಚಕ್ರಗಳಿಗೆ ಹೋಗುವ ಸ್ಟೀಲ್ ಪೈಪುಗಳನ್ನು ಪೂರ್ತಿ ತೆಗೆಸಿ ತಾಮ್ರ-ನಿಕಲ್ ಪೈಪ್ ಹಾಕಿಸಿದೆ. ಅಲ್ಲಿಂದೀಚೆಗಿನ ಎಲ್ಲ ಮಳೆಗಾಲವನ್ನೂ ಅದು ಇದೇ ಊರಲ್ಲಿ ಕಳೆದಿದೆ. ಕರಾವಳಿಯಲ್ಲಿ ಹಳೆ ಕಾರು ಇಟ್ಟುಕೊಂಡವರು ತುಕ್ಕು ಹಿಡಿದ ಸ್ಟೀಲ್ ಪೈಪಿನ ಜಾಗಕ್ಕೆ ಮತ್ತೆ ಸ್ಟೀಲ್ ಹಾಕಿಸಬೇಡಿ ಎಂದು ಖಂಡಿತವಾಗಿ ಹೇಳಬಲ್ಲೆ.

ಶುರುವಿಗೆ ಪೆಡಲಿನಲ್ಲಿ ಏನೂ ಗೊತ್ತಾಗಿರಲಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಮಾತ್ರ ನಿಧಾನಕ್ಕೆ ಇಳಿಯುತ್ತಿತ್ತು. ಪ್ಯಾಡ್ ಸವೆದಾಗಲೂ ಮಟ್ಟ ತುಸು ಇಳಿಯುತ್ತದೆ. ಆದರೆ ಪ್ಯಾಡ್ ಹೊಸದಿದ್ದೂ ಇಳಿಯುತ್ತಿದ್ದರೆ ಎಲ್ಲೋ ಜಿನುಗುತ್ತಿದೆ ಅಂತಲೇ ತಿಳಿಯಬೇಕು. ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಟಾರ್ಚ್ ಹಿಡಿದು ಹುಡುಕಿದೆವು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಪೈಪನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಕ್ಲಿಪ್ಪಿನ ಆಚೆ ಈಚೆ ಪೈಪಿಗೆ ಏನೂ ಆಗಿರಲಿಲ್ಲ, ಲೇಪ ಹಾಗೇ ಇತ್ತು. ಕ್ಲಿಪ್ ಬಿಡಿಸಿದಾಗ ಒಳಗಿನಿಂದ ಒದ್ದೆ ಕೆಂಪು ಮಣ್ಣು ಉದುರಿತು. ಅದರಡಿಯಲ್ಲಿ ಪೈಪ್ ಉಬ್ಬಿ, ಪದರ ಪದರವಾಗಿ ಎದ್ದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕೆರೆದಾಗ ಒಂದು ಸಿಪ್ಪೆ ಕಳಚಿತು, ಅದರ ಹಿಂದೆಯೇ ಎಣ್ಣೆಯ ಒಂದು ಹನಿ ಮೂಡಿತು.

ನಿಮ್ಮ ಕಾರಿನಲ್ಲೂ ಮೊದಲು ನೋಡಬೇಕಾದ ಜಾಗ ಇದೇ: ಕ್ಲಿಪ್ಪುಗಳ ಒಳಗೆ, ಟ್ಯಾಂಕಿನ ಮೇಲ್ಭಾಗ, ಹಿಂದಿನ ಆಕ್ಸಲ್ ಹತ್ತಿರದ ತಿರುವು. ಮಣ್ಣು ಕೂತಲ್ಲಿ ನೀರು ಕೂರುತ್ತದೆ, ನೀರು ಕೂತಲ್ಲಿ ಕಡಲ ಉಪ್ಪೂ ಕೂರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ಸರ್ವಿಸ್ ರಸ್ತೆಯ ಕೆಸರು ಕಾರಿನ ಅಡಿಗೆ ಬಡಿದದ್ದು ಅಷ್ಟಿಷ್ಟಲ್ಲ. ಅಡಿಕೆ ತೋಟದವರಿಗೆ ಇನ್ನೂ ಒಂದು ಮಾತು. ಹಿಂದಿನ ಡಿಕ್ಕಿಯಲ್ಲಿ ಪೊಟಾಷ್ ಗೋಣಿ ಸಾಗಿಸುತ್ತೀರಾದರೆ ಚೆಲ್ಲಿದ್ದನ್ನು ಅಂದೇ ಗುಡಿಸಿ. ನಾವು ಹಾಕುವ ಪೊಟಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಪಾಲಿಗೆ ಅದೂ ಉಪ್ಪೇ, ತೇವ ಸೇರಿದರೆ ಕಡಲುಪ್ಪಿನ ಹಾಗೆಯೇ ತಿನ್ನುತ್ತದೆ.

ಹೆದ್ದಾರಿ ಬದಿಯ ಒಂದು ವರ್ಕ್‌ಶಾಪಿನಲ್ಲಿ ಕೇಳಿದಾಗ, ಕೆಟ್ಟ ತುಂಡನ್ನಷ್ಟೇ ಕತ್ತರಿಸಿ ನಡುವೆ ಕಂಪ್ರೆಷನ್ ಜಾಯಿಂಟ್ (ನಟ್ ಬಿಗಿದು ಎರಡು ತುದಿ ಸೇರಿಸುವ ಜಾಯಿಂಟ್) ಹಾಕಿಕೊಡುತ್ತೇವೆ, ಅರ್ಧ ಗಂಟೆಯ ಕೆಲಸ ಅಂದರು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಟಯರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡ 2 ಬಾರ್ ಚಿಲ್ಲರೆ. ಬ್ರೇಕನ್ನು ಬಲವಾಗಿ ತುಳಿದಾಗ ಈ ಸಣ್ಣ ಪೈಪಿನೊಳಗೆ ಒತ್ತಡ 100 ಬಾರ್ ಮುಟ್ಟಬಹುದು. ನೀರಿನ ಪೈಪಿಗೆ ಹಾಕುವಂಥ ಜಾಯಿಂಟ್ ಅಲ್ಲಿ ಇರಬಾರದು. ಅಲ್ಲದೆ ಒಂದು ಕ್ಲಿಪ್ಪಿನಡಿ ಹೀಗಾಗಿದ್ದರೆ, ಅಷ್ಟೇ ವರ್ಷ ಅದೇ ಕೆಸರು ತಿಂದ ಉಳಿದ ಕ್ಲಿಪ್ಪುಗಳಡಿ ಚೆನ್ನಾಗಿರುತ್ತದೆಂದು ನಂಬುವುದು ಹೇಗೆ? ಪೆಡಲ್ ತುಳಿದಾಗ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆಯ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುವುದರಿಂದ ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ, ನಿಜ. ಆದರೆ ಪೆಡಲ್ ಆಳಕ್ಕೆ ಇಳಿದು, ಕಾರು ನಿಲ್ಲಲು ತುಂಬಾ ದೂರ ಬೇಕಾಗುತ್ತದೆ. ಸೀತಾಂಗೋಳಿ ಕಡೆಯ ಇಳಿಜಾರಿನಲ್ಲಿ, ಮನೆಯವರೆಲ್ಲ ಕಾರಲ್ಲಿರುವಾಗ, ಅರ್ಧ ಬ್ರೇಕ್ ಸಾಕು ಎನ್ನುವ ಧೈರ್ಯ ನನಗಿಲ್ಲ.

ಈಗ ಪೈಪಿನ ವಿಷಯ. ತಾಮ್ರ 90 ಪಾಲು, ನಿಕಲ್ 10 ಪಾಲು, ಜೊತೆಗೆ ಚೂರು ಕಬ್ಬಿಣ ಮತ್ತು ಮ್ಯಾಂಗನೀಸ್ ಇರುವ ಮಿಶ್ರಲೋಹ ಇದು. ಹಡಗುಗಳಲ್ಲಿ ಕಡಲನೀರು ಹರಿಯುವ ಪೈಪುಗಳಿಗೂ ಇದೇ ಜಾತಿಯ ಲೋಹ ಬಳಸುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸ್ವೀಡನ್ನಿನ ವೋಲ್ವೋ ಕಂಪೆನಿ 1976ರಲ್ಲೇ ತನ್ನ ಕಾರುಗಳ ಬ್ರೇಕಿಗೆ ಇದನ್ನು ಹಾಕತೊಡಗಿತು. ಹೊರವ್ಯಾಸ 4.75 ಮಿ.ಮೀ., ಮೂಲ ಸ್ಟೀಲ್ ಪೈಪಿನದ್ದೇ ಅಳತೆ. ನಮ್ಮ ಊರಲ್ಲಿ ಸಿಗಲಿಲ್ಲ, ಮಂಗಳೂರಿನಿಂದ ಸುರುಳಿ ತರಿಸಿಕೊಂಡೆ. ಅದೇ ಉದ್ದದ ಸ್ಟೀಲಿಗಿಂತ ದುಬಾರಿ, ಆದರೆ ಒಟ್ಟು ಖರ್ಚಿನಲ್ಲಿ ಮಜೂರಿಯದೇ ದೊಡ್ಡ ಪಾಲು. ಆ ಮಜೂರಿ ಸ್ಟೀಲ್ ಹಾಕಿಸಿದರೂ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ಕೆಲವರು ಫ್ರಿಜ್-ಏಸಿಗೆ ಹಾಕುವ ಬರೀ ತಾಮ್ರದ ಪೈಪನ್ನೇ ತೋರಿಸಿ ಇದೂ ಅದೇ ಅನ್ನುತ್ತಾರೆ. ಅದೇ ಅಲ್ಲ. ಬರೀ ತಾಮ್ರ ಗಾಡಿಯ ಅದುರಾಟಕ್ಕೆ ಗಡಸಾಗುತ್ತಾ ಹೋಗಿ ಕೊನೆಗೆ ಸೀಳುತ್ತದೆ. ಅಂಗಡಿಯಲ್ಲಿ ಬ್ರೇಕಿಗೆಂದೇ ಮಾಡಿದ ತಾಮ್ರ-ನಿಕಲ್ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ತರಬೇಡಿ.

ಪೈಪ್ ಎಷ್ಟೇ ಒಳ್ಳೆಯದಿದ್ದರೂ ಫ್ಲೇರ್, ಅಂದರೆ ಜಾಯಿಂಟಿನಲ್ಲಿ ಸೋರದಂತೆ ಕೂರಲು ರೂಪಿಸಿದ ಪೈಪಿನ ಬಾಯಿ, ಕೆಟ್ಟರೆ ಎಲ್ಲ ವ್ಯರ್ಥ. ನಮ್ಮ ಕಾರಿಗೆ ಬೇಕಾದದ್ದು ಡಬಲ್ ಫ್ಲೇರ್, ಅಂದರೆ ಪೈಪಿನ ಬಾಯನ್ನು ಮೊದಲು ಒಳಕ್ಕೆ ಮಡಚಿ, ಮತ್ತೆ ಅಗಲಿಸಿ ಎರಡು ಪದರ ಮಾಡುವುದು. ಕೆಲವು ಕಾರುಗಳಿಗೆ ಬಾಯನ್ನು ಗುಳ್ಳೆಯಂತೆ ಉಬ್ಬಿಸುವ ಬಬಲ್ ಫ್ಲೇರ್ ಬೇಕು. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಆದ್ದರಿಂದ ಹಳೆ ಪೈಪಿನ ತುದಿಯನ್ನು ಬಿಸಾಡದೆ ಎದುರಿಗಿಟ್ಟುಕೊಂಡೇ ಮಾಡಬೇಕು. ನಮ್ಮ ಮೆಕ್ಯಾನಿಕ್ ಹ್ಯಾಕ್ಸಾ ಮುಟ್ಟಲಿಲ್ಲ, ಪುಟ್ಟ ಪೈಪ್ ಕಟ್ಟರಿನಿಂದ ಸುತ್ತ ತಿರುಗಿಸಿ ಕತ್ತರಿಸಿದ. ಹ್ಯಾಕ್ಸಾ ಹಾಕಿದರೆ ಪುಡಿ ಒಳಗೆ ಸೇರಿ, ಚಕ್ರದಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರನ್ನು ಗೀರುತ್ತದೆ ಅಂದ. ಬಾಯಿಯ ಅಂಚು ಕೆರೆದು ನಯ ಮಾಡಿ, ನಟ್ ತೂರಿಸಿ, ಆಮೇಲೆ ಫ್ಲೇರ್ ಒತ್ತಿದ. ಪ್ರತಿ ಬಾಯನ್ನೂ ಬೆಳಕಿಗೆ ಹಿಡಿದು ನೋಡಿದ. ಒಂದರ ಅಂಚು ಒಂದು ಬದಿಗೆ ವಾಲಿತ್ತು, ಅದನ್ನು ಕತ್ತರಿಸಿ ಮತ್ತೆ ಮಾಡಿದ. ಇಂಥ ಕೈಗೆ ಕೇಳಿದಷ್ಟು ಕೊಡಬಹುದು. ಈ ಲೋಹ ಮೆದು, ಕೈಯಲ್ಲೇ ಬಾಗುತ್ತದೆ. ಹಳೆಯದರ ಆಕಾರಕ್ಕೆ ಸರಿಯಾಗಿ ಕೂರಿಸಲು ಸ್ಟೀಲಿನಷ್ಟು ಗುದ್ದಾಟ ಬೇಡ.

ಎಲ್ಲ ಬಿಗಿದು ಪೈಪಿನೊಳಗೆ ಸೇರಿದ ಏರ್ ತೆಗೆದ ಮೇಲೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ನೋಡಬೇಕು. ಚೂರು ಒದ್ದೆಯಾದರೂ ಕಾರು ಹೊರಗೆ ಹೋಗಬಾರದು.

ಇಷ್ಟು ಕಾಲದ ನಂತರ ಹೇಗಿದೆ? ಪ್ರತಿ ಮಳೆಗಾಲ ಕಳೆದ ಮೇಲೆ ಅಡಿ ತೊಳೆಸಿ ಕ್ಲಿಪ್ ಬಿಡಿಸಿ ನೋಡುತ್ತೇನೆ. ಹೊಳಪು ಹೋಗಿ ಕಂದು ಬಣ್ಣ ಬಂದಿದೆ, ಅಲ್ಲಲ್ಲಿ ಹಸಿರು ಛಾಯೆ. ಉಬ್ಬಿಲ್ಲ, ಸಿಪ್ಪೆ ಎದ್ದಿಲ್ಲ, ಉಗುರಿನಿಂದ ಕೆರೆದರೆ ಮೈ ನಯವಾಗಿಯೇ ಇದೆ. ಆಯಿಲ್ ಮಟ್ಟ ನಿಂತಲ್ಲೇ ನಿಂತಿದೆ.

ಕೊರತೆಯೂ ಇದೆ. ಪೈಪಿಗೆ ಏನೂ ಆಗಿಲ್ಲ, ಅದರ ತುದಿಯ ಸ್ಟೀಲ್ ನಟ್ಟುಗಳಿಗೆ ತುಕ್ಕು ಬಂದಿದೆ. ಅಡಿಕೆಗೆ ಸಿಂಪಡಿಸಲು ಮೈಲುತುತ್ತು (ತಾಮ್ರದ ಉಪ್ಪು) ಮತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವವರಿಗೆ ಇದರ ಕಾರಣ ಗೊತ್ತೇ ಇದೆ. ಸುಣ್ಣ ಕಡಿಮೆಯಾದ ಮದ್ದಿಗೆ ಕತ್ತಿ ಅದ್ದಿದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಅಷ್ಟು ಕರಗುತ್ತದೆ. ತಾಮ್ರವೂ ಕಬ್ಬಿಣವೂ ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೂ ಸವೆಯುವುದು ಕಬ್ಬಿಣವೇ. ಅದಕ್ಕೆ ಲೇಪವಿರುವ ಒಳ್ಳೆಯ ನಟ್ ಹಾಕಿಸಿ, ಬಿಗಿದ ಮೇಲೆ ಹೊರಗಿನಿಂದ ದಪ್ಪಗೆ ಗ್ರೀಸ್ ಬಳಿಯಿರಿ, ವರ್ಷಕ್ಕೊಮ್ಮೆ ಹೊಸದಾಗಿ ಬಳಿಯಿರಿ. ಪೈಪ್ ಮೆದುವಾದ್ದರಿಂದ ಜ್ಯಾಕ್ ಇಡುವವರು ನೋಡಿ ಇಡಬೇಕು. ಮೂಲದಲ್ಲಿ ಎಷ್ಟು ಕ್ಲಿಪ್ ಇತ್ತೋ ಅಷ್ಟನ್ನೂ ಹಾಕಿಸಬೇಕು, ತೂಗಾಡಿದರೆ ಯಾವ ಲೋಹವೂ ಬಾಳದು.

ಆಯಿಲ್ ವಿಷಯ ಬೇರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಊರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರು ಸೇರಿದಷ್ಟೂ ಆಯಿಲ್ ಬೇಗ ಕುದಿಯುತ್ತದೆ, ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 3 ದರ್ಜೆಯ ಆಯಿಲಿನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ, ನೀರು ಸೇರಿದ ಮೇಲಿನ ಮಿತಿ 140. ಪೈಪ್ ಒಳಗಿನಿಂದ ತುಕ್ಕು ಹಿಡಿಯುವುದೂ ಈ ನೀರಿನಿಂದಲೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತಿದ್ದೇನೆ. ಮುಂದಿನ ಚಕ್ರಗಳ ಸ್ಟೀಲ್ ಪೈಪುಗಳು ಎಂಜಿನ್ನಿನ ಬಳಿ ಒಣಗಿಯೇ ಇರುವುದರಿಂದ ಇನ್ನೂ ಗಟ್ಟಿಯಾಗಿವೆ, ಆದರೆ ಅವುಗಳ ತುದಿಯ ರಬ್ಬರ್ ಹೋಸುಗಳಲ್ಲಿ ಸಣ್ಣ ಬಿರುಕು ಕಾಣಿಸಿದೆ. ಬರುವ ಮಳೆಗಾಲಕ್ಕೆ ಮುಂಚೆ ಹೋಸಿನ ಜೊತೆಗೇ ಆ ಪೈಪುಗಳನ್ನೂ ತಾಮ್ರ-ನಿಕಲಿಗೆ ಬದಲಿಸಲು ಅದೇ ಮೆಕ್ಯಾನಿಕ್ಕಿಗೆ ಹೇಳಿಟ್ಟಿದ್ದೇನೆ.