ಅಪ್ಪನ ಶುಗರ್‌ಗೆ ಮೂರು ಕಡೆ ತೋರಿಸಿ ನೋಡಿದ್ದು

ಅಪ್ಪನಿಗೆ ಶುಗರ್ ಬಂದು ಹದಿನಾರು ವರ್ಷ, ಬಿಪಿ ಅದರ ಬೆನ್ನಿಗೇ ಬಂತು. ಎರಡು ವರ್ಷದಿಂದ ಮೈಸೂರಿನಲ್ಲೇ ಮೂರು ಕಡೆ ತೋರಿಸಿದ್ದೇನೆ: ನಮ್ಮ ಬಡಾವಣೆಯ ಹಳೇ ಡಾಕ್ಟರು, ಒಂದು ದೊಡ್ಡ ಖಾಸಗಿ ಆಸ್ಪತ್ರೆ, ಫೋನಿನಲ್ಲಿ ಸಿಗುವ ಆ್ಯಪ್ ಡಾಕ್ಟರು.

ಆ್ಯಪ್ ವಿಷಯ ಬೇಗ ಮುಗಿಯುತ್ತೆ. ಪ್ರತಿ ಸಲ ಹೊಸ ಮುಖ, ಪ್ರತಿ ಸಲ "ಎಷ್ಟು ವರ್ಷದಿಂದ ಶುಗರ್?" ಅಂತಲೇ ಶುರು. ರಾತ್ರಿ ಮಾತ್ರೆ ಮರೆತರೆ ಏನು ಮಾಡೋದು ಅಂತ ಕೇಳೋಕೆ ಸರಿ. ಶುಗರ್‌ನವರಿಗೆ ಹುಣ್ಣಾಗುವ ಕಾಲ್ಬೆರಳ ಸಂದಿ ನೋಡೋಕೆ ಆಗಲ್ಲ.

ಆಸ್ಪತ್ರೆಯದ್ದು ಹಾಗಲ್ಲ, ಅಲ್ಲಿ ಎಲ್ಲ ಒಂದೇ ಸೂರಿನಡಿ. ಕಣ್ಣಿನ ಒಳಪೊರೆಯ ಫೋಟೋ, ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಿದೆಯಾ ಅನ್ನೋ ಟೆಸ್ಟ್, ಎರಡೂ ಒಂದೇ ಬೆಳಗ್ಗೆ ಮುಗೀತು. ಕಿಡ್ನಿಗೆ ಪೆಟ್ಟು ಬೀಳ್ತಿದೆ ಅಂತ ಗೊತ್ತಾಗಿದ್ದು ಅಲ್ಲೇ. ನಮ್ಮ ಡಾಕ್ಟರು ವರ್ಷಗಟ್ಟಲೆ ಆ ಟೆಸ್ಟ್ ಬರೆದಿರಲಿಲ್ಲ. "ನಿಮ್ಮಪ್ಪ ಗಟ್ಟಿ ಆಳು ಕಣ್ರೀ" ಅಂತಿದ್ದರು. ಬಹಳ ವರ್ಷದ ಪರಿಚಯಕ್ಕೆ ಈ ಕುರುಡುತನವೂ ಇದೆ.

ಆದರೆ ಕಳೆದ ವರ್ಷ ಪಾಂಡವಪುರದ ಬೀಗರೂಟ ಮುಗಿಸಿ ಬಂದ ಅಪ್ಪನಿಗೆ ಕೆಮ್ಮು ಹಿಡೀತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಯಾವುದೋ ಮಾತ್ರೆ ನುಂಗಿದರು. ನಾಲ್ಕು ದಿನ ಬಿಟ್ಟು ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ 286. ಆವತ್ತು ಕೂತಿದ್ದ ಡಾಕ್ಟರು ಹೊಸಬರು; ಶುಗರ್ ಇಳಿಸುವ ಮಾತ್ರೆ ಗ್ಲಿಮೆಪಿರೈಡ್ 1 ಮಿ.ಗ್ರಾಂ. ಇದ್ದದ್ದನ್ನು 2 ಮಾಡಿದರು. ಕೆಮ್ಮಿನ ಮಾತ್ರೆ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ವಾರ ಕಳೆದು ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ ಕೂಗಿದಳು. ಅಪ್ಪನ ಬನಿಯನ್ ಬೆವರಿಗೆ ಹಿಂಡುವಷ್ಟು ಒದ್ದೆ, ಕೈ ಗಡಗಡ. ಮೀಟರ್‌ನಲ್ಲಿ ಶುಗರ್ 52, ತೀರಾ ಕಡಿಮೆ. ಸಕ್ಕರೆ ನೀರು ಕುಡಿಸಿ ಕೂತೆವು.

ಅವತ್ತು ಸಂಜೆ ಹಳೇ ಡಾಕ್ಟರ ಹತ್ತಿರ ಹೋದರೆ, ಅವರು ಉದ್ದನೆ ನೋಟ್‌ಬುಕ್ ತಿರುವಿ ಹಾಕಿ, "ಇವರಿಗೆ ಯಾವತ್ತೂ ಇನ್ನೂರು ದಾಟಿಲ್ವಲ್ಲ. ಕೆಮ್ಮಿಗೆ ಏನು ತಗೊಂಡ್ರಿ ಯಜಮಾನ್ರೇ?" ಅಂದರು. ಅಪ್ಪ ಜೇಬಿನಿಂದ ಖಾಲಿ ಸ್ಟ್ರಿಪ್ ತೆಗೆದರು. ಸ್ಟೀರಾಯ್ಡ್. ಅದು ಶುಗರ್ ಏರಿಸುತ್ತೆ, ನಿಲ್ಲಿಸಿದ ಮೇಲೆ ಇಳಿಯುತ್ತೆ. ಹೆಚ್ಚಿಸಿದ ಮಾತ್ರೆ ಮಾತ್ರ ಹಾಗೇ ಉಳಿದಿತ್ತು. ಮತ್ತೆ 1ಕ್ಕೆ ಇಳಿಸಿದರು. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿದರು, 7.4 ಬಂತು, ಅಂದರೆ ಸರಾಸರಿ ಅಷ್ಟೇನೂ ಕೆಟ್ಟಿರಲಿಲ್ಲ.

ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಗಿದೆ. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷ ದಾಟಿದವರಲ್ಲಿ, ಒಂದು ವರ್ಷದೊಳಗಿನ ಪರಿಚಯದವರಿಗಿಂತ, ಸಾವಿನ ಸಾಧ್ಯತೆ ಸುಮಾರು ಶೇ. 25, ತುರ್ತಾಗಿ ಆಸ್ಪತ್ರೆ ಸೇರೋದು ಶೇ. 28ರಷ್ಟು ಕಡಿಮೆ ಇತ್ತಂತೆ. ಅಲ್ಲಿ ಸರ್ಕಾರದ ವ್ಯವಸ್ಥೆಯಲ್ಲೇ ಪ್ರತಿಯೊಬ್ಬರಿಗೂ ಒಬ್ಬ ಖಾಯಂ ಡಾಕ್ಟರನ್ನು ಪಡೆಯುವ ಹಕ್ಕಿದೆ. ಇಲ್ಲಿ ನಾವೇ ಹಿಡಿದುಕೊಳ್ಳಬೇಕು.

ಈಗ ನಮ್ಮ ಪದ್ಧತಿ ಇದು: ಮಾತ್ರೆ ಬದಲಿಸೋದು ಹಳೇ ಡಾಕ್ಟರೊಬ್ಬರೇ. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ ಪರೀಕ್ಷೆ ಆಸ್ಪತ್ರೆಯಲ್ಲಿ. ರಿಪೋರ್ಟ್ ಹಳೇ ಡಾಕ್ಟರ ಮೇಜಿನ ಮೇಲೆ. ಅವರಿಗೂ ವಯಸ್ಸು ಎಪ್ಪತ್ತು ದಾಟಿದೆ, ಆದಿತ್ಯವಾರ ಬಾಗಿಲು ಹಾಕಿರುತ್ತೆ. ಹೋದ ತಿಂಗಳು ಕೇಳಿಕೊಂಡು ಅಪ್ಪನ ಪುಟಗಳನ್ನೆಲ್ಲ ಮೊಬೈಲಲ್ಲಿ ಫೋಟೋ ತೆಗೆದೆ. "ಅಕ್ಷರ ಅರ್ಥ ಆಗುತ್ತೇನಪ್ಪ?" ಅಂತ ಕೇಳಿದರು. ಅರ್ಧ ಆಗಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡು ಓದಿ ಹೇಳಿದರು, ನಾನು ಬರೆದುಕೊಂಡೆ.